ಬಯಾಲಜಿಕ್ ಇಂಜೆಕ್ಷನ್‌ಗೆ ಹೂಂ ಅನ್ನುವ ಮೊದಲು

ನಮ್ಮೂರ ಕಡೆ ಉಬ್ಬಸ ಜೋರಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಡೆರಿಫಿಲಿನ್, ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡು ಬರುತ್ತಾರೆ. ಸ್ವಲ್ಪ ಹೊತ್ತಿಗೆ ಎದೆ ಹಗುರಾಗುತ್ತದೆ. ಬಯಾಲಜಿಕ್ ಇಂಜೆಕ್ಷನ್, ಅಂದರೆ ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನ್ ಔಷಧಿ, ಆ ಜಾತಿಯದ್ದಲ್ಲ. ಉಸಿರು ಕಟ್ಟುತ್ತಿರುವಾಗ ಅದನ್ನು ಕೊಟ್ಟರೆ ಏನೂ ಉಪಯೋಗವಿಲ್ಲ. ಮುಂದಿನ ತಿಂಗಳುಗಳಲ್ಲಿ ಉಬ್ಬಸ ಕೆರಳುವುದನ್ನು ಕಡಿಮೆ ಮಾಡುವುದಕ್ಕೆ ಇರುವ ಔಷಧಿ ಅದು. ಈ ಒಂದು ವಿಷಯ ಮನೆಯವರಿಗೆಲ್ಲ ಮೊದಲೇ ತಿಳಿದಿದ್ದರೆ ಅರ್ಧ ಗೊಂದಲ ಇರುವುದಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯವಳು. ಅಡಿಕೆ ತೋಟದ ಮನೆ. ಚಿಕ್ಕಂದಿನಿಂದ ಸೀನು, ಮೂಗು ಕಟ್ಟುವುದು ಇತ್ತು. ಎರಡನೇ ಹೆರಿಗೆಯ ನಂತರ ಅಸ್ತಮಾ ಗಟ್ಟಿಯಾಗಿ ಕೂತಿತು. ಪ್ರತಿ ಮಳೆಗಾಲ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗದೆ ಮುಗಿಯುತ್ತಿರಲಿಲ್ಲ. ಈಗ ಓಮಲಿಜುಮ್ಯಾಬ್ ಎಂಬ ಬಯಾಲಜಿಕ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮಗೆ ಯಾವ ಔಷಧಿ ಎಂದು ಹೇಳುವವರು ನಿಮ್ಮ ಶ್ವಾಸಕೋಶ ತಜ್ಞರೇ. ಆದರೆ ಅವರ ಎದುರು ಕೂರುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು ಅನ್ನುವುದನ್ನು ನಾನು ಹೇಳಬಲ್ಲೆ.

ಅಸ್ತಮಾ ನಿಜಕ್ಕೂ ತೀವ್ರವಾ?

ಜಾಸ್ತಿ ಕಷ್ಟ ಕೊಡುವ ಅಸ್ತಮಾ ಎಲ್ಲವೂ ತೀವ್ರ ಅಸ್ತಮಾ ಅಲ್ಲ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಇನ್ಹೇಲರ್, ಅದರ ಜೊತೆಗೆ ಫಾರ್ಮೊಟೆರಾಲ್‌ನಂಥ ದೀರ್ಘ ಕಾಲ ಕೆಲಸ ಮಾಡುವ ಔಷಧಿ, ಎರಡನ್ನೂ ದಿನಾ ಸರಿಯಾಗಿ ತೆಗೆದುಕೊಂಡ ಮೇಲೂ ಹತೋಟಿಗೆ ಬಾರದಿದ್ದರೆ ಆಗ ಅದು ತೀವ್ರ. 'ಸರಿಯಾಗಿ' ಅನ್ನುವಲ್ಲೇ ಬಹಳ ಜನರ ಔಷಧಿ ಎದೆಗೆ ಹೋಗದೆ ಗಂಟಲಲ್ಲೇ ಉಳಿಯುತ್ತದೆ.

ಒತ್ತುವ ಪಂಪ್ ಆದರೆ ಚೆನ್ನಾಗಿ ಅಲ್ಲಾಡಿಸಿ, ಉಸಿರು ಹೊರಬಿಟ್ಟು, ನಿಧಾನವಾಗಿ ಒಳಗೆ ಎಳೆಯುತ್ತಾ ಒತ್ತಬೇಕು. ನಂತರ ಹತ್ತು ಎಣಿಸುವಷ್ಟು ಉಸಿರು ಹಿಡಿಯಬೇಕು. ಸ್ಪೇಸರ್, ಅಂದರೆ ಪಂಪ್‌ಗೆ ಸಿಕ್ಕಿಸುವ ಕೊಳವೆ, ಹಾಕಿಕೊಂಡರೆ ದೊಡ್ಡವರಿಗೂ ಒಳ್ಳೆಯದು, ಅದು ಬರೀ ಮಕ್ಕಳಿಗೆ ಅಲ್ಲ. ಕ್ಯಾಪ್ಸೂಲ್ ಹಾಕುವ ಪುಡಿ ಇನ್ಹೇಲರ್ ಆದರೆ ಉಲ್ಟಾ: ಜೋರಾಗಿ, ಆಳವಾಗಿ ಎಳೆಯಬೇಕು. ಎರಡನ್ನೂ ಒಂದೇ ಥರ ಎಳೆಯುವವರನ್ನು ನಮ್ಮ ನೆಂಟರಲ್ಲೇ ಎಷ್ಟೋ ಜನರನ್ನು ನೋಡಿದ್ದೇನೆ. ನಿಮ್ಮದೇ ಇನ್ಹೇಲರ್ ತೆಗೆದುಕೊಂಡು ಹೋಗಿ ಡಾಕ್ಟರ ಎದುರೇ ಎಳೆದು ತೋರಿಸಿ. ಅವರು ಕೇಳದಿದ್ದರೂ ತೋರಿಸಿ.

ಮೂಗಿನ ಒಳಗೆ ಪಾಲಿಪ್, ಸೈನಸ್ ತೊಂದರೆ, ಎದೆಯುರಿ, ಬಿಪಿಗೆ ತಿನ್ನುವ ಕೆಲವು ಬೀಟಾ ಬ್ಲಾಕರ್ ಮಾತ್ರೆಗಳು, ಕೆಲವರಿಗೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ, ಇವೂ ಅಸ್ತಮಾವನ್ನು ಕೆಣಕುತ್ತವೆ. ತಿನ್ನುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಹೆಸರಿಲ್ಲದ ಉಬ್ಬಸದ ಪುಡಿ ಏನಾದರೂ ತಿನ್ನುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೆ ಅದು ಗೊತ್ತಾಗಲೇಬೇಕು.

ಮನೆಯೊಳಗಿನ ಕೆಲಸ

ಮಲೆನಾಡಿನ ಮನೆಗಳಲ್ಲಿ ಧೂಳುಹುಳ ಮತ್ತು ಬೂಷ್ಟು, ಇವೆರಡೇ ದೊಡ್ಡ ಶತ್ರುಗಳು. ಧೂಳುಹುಳ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಹಾಸಿಗೆ, ದಿಂಬು, ಕಂಬಳಿಯಲ್ಲಿ ಬದುಕುತ್ತದೆ. ಗಾಳಿಯ ತೇವಾಂಶ ಜಾಸ್ತಿ ಇದ್ದಷ್ಟೂ ಅದಕ್ಕೆ ಸುಗ್ಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಬೀಳದ ನಮ್ಮಂಥ ಕಡೆ ಹಾಸಿಗೆ ಒಣಗಿಸುವುದಾದರೂ ಎಲ್ಲಿ?

ಇರುವುದರಲ್ಲೇ ಮಾಡಬಹುದಾದ್ದು ಇಷ್ಟು. ಹತ್ತಿ ಹಾಸಿಗೆಗೂ ದಿಂಬಿಗೂ ಜಿಪ್ ಇರುವ, ಒತ್ತಾದ ನೇಯ್ಗೆಯ ಕವರ್ ಹಾಕಿ. ಹಾಸುವ, ಹೊದೆಯುವ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ. ಬಚ್ಚಲ ಹಂಡೆಯ ನೀರು ಇದಕ್ಕೆ ಸಾಕು. ಉಬ್ಬಸದವರು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ. ಅಲ್ಲಿ ಹಳೇ ಕಂಬಳಿಯ ಗಂಟು, ರಟ್ಟಿನ ಪೆಟ್ಟಿಗೆ, ಪುಸ್ತಕದ ಕಪಾಟು ಇಡಬೇಡಿ. ಗೋಡೆಯ ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಗಾಳಿಗೆ ಹಾರುತ್ತದೆ. ಒದ್ದೆ ಬಟ್ಟೆಯಲ್ಲೇ ಒರೆಸಬೇಕು, ಆ ಕೆಲಸ ಬೇರೆಯವರು ಮಾಡಬೇಕು.

ನಮ್ಮ ಮನೆಯಲ್ಲಿ ಇನ್ನೂ ಮೂರು ಕೆಲಸ ನನ್ನಿಂದ ಕೈಬಿಟ್ಟಿದ್ದೇವೆ: ಅಟ್ಟ ಗುಡಿಸುವುದು, ಕೊಟ್ಟಿಗೆಗೆ ದರಕು ತುಂಬುವುದು, ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವುದು. ಕೊಯ್ಲಿನ ಸಮಯದಲ್ಲಿ ಮನೆಯ ಹೆಂಗಸು ಒಲೆ ಬಿಟ್ಟು ಕೂರುವುದು ಸುಲಭದ ಮಾತಲ್ಲ. ನೆಂಟರು ಏನಾದರೂ ಅಂದೇ ಅನ್ನುತ್ತಾರೆ. ನನ್ನ ಪರವಾಗಿ ನಿಂತು ಮಾತಾಡಿದವರು ನಮ್ಮ ಅತ್ತೆ. 'ಅವಳಿಗೆ ಉಸಿರು ಮುಖ್ಯ, ಒಲೆ ನಾನು ನೋಡ್ಕೋತೀನಿ' ಅಂದರು. ಮನೆಯಲ್ಲಿ ಅಂಥ ಒಬ್ಬರು ಇದ್ದರೆ ಚಿಕಿತ್ಸೆ ಅರ್ಧ ಅಲ್ಲೇ ಆಗುತ್ತದೆ.

ಊರು ಬೇರೆಯಾದರೆ ಶತ್ರುವೂ ಬೇರೆ. ಬಯಲುಸೀಮೆಯಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಪರಾಗ. ಪಟ್ಟಣದ ಮನೆಗಳಲ್ಲಿ ಜಿರಲೆ.

ಪರೀಕ್ಷೆಗಳು

ಬಯಾಲಜಿಕ್‌ಗಳಲ್ಲಿ ಒಂದೊಂದೂ ಒಂದೊಂದು ಗುರಿಗೆ ಹೊಡೆಯುತ್ತದೆ. ಓಮಲಿಜುಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2003ರಲ್ಲಿ, ಅಸ್ತಮಾಕ್ಕೆ ಬಂದ ಬಯಾಲಜಿಕ್‌ಗಳಲ್ಲಿ ಅದೇ ಮೊದಲನೆಯದು. ಅಲರ್ಜಿ ಇರುವವರ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಇರುತ್ತದೆ. ಅದು ಮಾಸ್ಟ್ ಎಂಬ ಕೋಶಗಳ ಮೇಲೆ ಕೂತು, ಧೂಳುಹುಳ ಬಂದ ಕೂಡಲೇ ಅಲರ್ಜಿ ಕೆರಳಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುವಂತೆ ಮಾಡುತ್ತದೆ. ಓಮಲಿಜುಮ್ಯಾಬ್ ಆ ಐಜಿಇಯನ್ನು ರಕ್ತದಲ್ಲೇ ಹಿಡಿದುಬಿಡುತ್ತದೆ. ಮೆಪೊಲಿಜುಮ್ಯಾಬ್, ಬೆನ್ರಾಲಿಜುಮ್ಯಾಬ್ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಇಳಿಸುತ್ತವೆ. ಡುಪಿಲುಮ್ಯಾಬ್, ಟೆಜೆಪೆಲುಮ್ಯಾಬ್ ದಾರಿ ಮತ್ತೆ ಬೇರೆ. ಹಾಗಾಗಿ ಪಕ್ಕದ ಮನೆಯವರಿಗೆ ಹಿಡಿದದ್ದು ನಿಮಗೂ ಹಿಡಿಯುತ್ತದೆ ಅಂತ ಇಲ್ಲ.

ಒಟ್ಟು ಐಜಿಇ, ಇಯೊಸಿನೊಫಿಲ್ ಎಣಿಕೆ, ಯಾವುದಕ್ಕೆ ಅಲರ್ಜಿ ಎಂಬ ಚರ್ಮದ ಅಥವಾ ರಕ್ತದ ಪರೀಕ್ಷೆ, ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೊಮೆಟ್ರಿ, ಇವು ಬೇಕೇ ಬೇಕು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಇಯೊಸಿನೊಫಿಲ್ ಎಣಿಸಿದರೆ ಸಂಖ್ಯೆ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ. ರಕ್ತ ಕೊಡುವಾಗ ಕೊನೆಯ ಸ್ಟೀರಾಯ್ಡ್ ಯಾವಾಗ ನುಂಗಿದ್ದು ಎಂದು ಹೇಳಿ. ಹಳೆಯ ರಕ್ತ ಪರೀಕ್ಷೆಗಳ ಚೀಟಿ ಎಸೆಯಬೇಡಿ, ಅವುಗಳಲ್ಲಿರುವ ಸಂಖ್ಯೆ ಈಗ ಕೆಲಸಕ್ಕೆ ಬರುತ್ತದೆ. ಚರ್ಮದ ಪರೀಕ್ಷೆಗೆ ಕೆಲವು ದಿನ ಮೊದಲೇ ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನಿಲ್ಲಿಸಬೇಕು. ಎಷ್ಟು ದಿನ ಎಂದು ಪರೀಕ್ಷೆ ಮಾಡುವವರನ್ನೇ ಕೇಳಿ.

ನಮ್ಮ ಭಾಗದವರು ಎರಡು ವಿಷಯ ಒತ್ತಿ ಕೇಳಲೇಬೇಕು. ಒಂದು, ಐಜಿಇ 500, 1000 ದಾಟಿದ್ದರೆ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಅಲರ್ಜಿ ಶ್ವಾಸಕೋಶದೊಳಗೆ ಇದೆಯಾ ಅಂತ ನೋಡಬೇಕು. ಅದು ಅಸ್ತಮಾದಂತೆಯೇ ಕಾಣುತ್ತದೆ, ಆದರೆ ಅದರ ಮೊದಲ ಚಿಕಿತ್ಸೆ ಸ್ಟೀರಾಯ್ಡ್ ಅಥವಾ ಫಂಗಸ್ ವಿರುದ್ಧದ ಮಾತ್ರೆ. ಎರಡು, ಹೊಟ್ಟೆಹುಳ. ಹುಳ ಇದ್ದರೂ ಇಯೊಸಿನೊಫಿಲ್, ಐಜಿಇ ಎರಡೂ ಏರುತ್ತವೆ. ಹುಳದ ವಿರುದ್ಧ ಮೈ ಹೋರಾಡುವುದೂ ಇದೇ ದಾರಿಯಲ್ಲಿ. ಆದ್ದರಿಂದ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಮಲ ಪರೀಕ್ಷೆ ಮಾಡಿಸಿ, ಹುಳವಿದ್ದರೆ ಮೊದಲು ಅದನ್ನು ತೆಗೆಸಿಕೊಳ್ಳಬೇಕು.

ದುಡ್ಡಿನ ಲೆಕ್ಕ

ಓಮಲಿಜುಮ್ಯಾಬ್ ಡೋಸ್ ಎಲ್ಲರಿಗೂ ಒಂದೇ ಅಲ್ಲ. ಮೈತೂಕ ಮತ್ತು ಚಿಕಿತ್ಸೆಗೆ ಮೊದಲಿನ ಐಜಿಇ, ಎರಡನ್ನೂ ನೋಡಿ ಕೋಷ್ಟಕದಿಂದ ತೆಗೆಯುತ್ತಾರೆ. 65 ಕೆ.ಜಿ. ತೂಕದವರಿಗೆ ಐಜಿಇ 80 ಇದ್ದರೆ ನಾಲ್ಕು ವಾರಕ್ಕೆ 150 ಮಿ.ಗ್ರಾಂ. ಅದೇ ತೂಕಕ್ಕೆ ಐಜಿಇ 250 ಇದ್ದರೆ ನಾಲ್ಕು ವಾರಕ್ಕೆ ಒಟ್ಟು 450 ಮಿ.ಗ್ರಾಂ. ಒಂದು ಬಾಟಲಿ 150 ಮಿ.ಗ್ರಾಂ ಅಂದುಕೊಂಡರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮೂರು. ಹಾಗಾಗಿ 'ಇಂಜೆಕ್ಷನ್ ಎಷ್ಟು?' ಎಂದು ಕೇಳಬೇಡಿ. 'ನನ್ನ ಡೋಸ್‌ಗೆ ತಿಂಗಳಿಗೆ ಎಷ್ಟು ಬಾಟಲಿ, ಒಂದು ಬಾಟಲಿಗೆ ಎಷ್ಟು, ಹಾಕುವ ಚಾರ್ಜ್ ಎಷ್ಟು?' ಎಂದು ಬಿಡಿಸಿ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಆ ಮೊತ್ತವನ್ನು ಆರು ತಿಂಗಳಿಗೆ ಗುಣಿಸಿ ನೋಡಿ. ಎರಡು ತಿಂಗಳು ಹಾಕಿಸಿ ದುಡ್ಡಿಲ್ಲ ಎಂದು ಬಿಡುವುದಾದರೆ ಶುರು ಮಾಡುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಫಲ ಬಂತೋ ಇಲ್ಲವೋ ತಿಳಿಯುವುದೇ ಇಲ್ಲ, ಖರ್ಚು ಮಾತ್ರ ಆಗಿರುತ್ತದೆ.

ವಿಮೆ ಇದ್ದರೆ ಸುಮ್ನೆ ಬಿಡಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಂಪನಿಗಳು ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಇತ್ತು. ಇಂಜೆಕ್ಷನ್ ಆಗಿ ಕೊಡುವ ಮೊನೊಕ್ಲೋನಲ್ ಆ್ಯಂಟಿಬಾಡಿ, ಅಂದರೆ ಲ್ಯಾಬಿನಲ್ಲಿ ತಯಾರಿಸಿದ ಪ್ರತಿಕಾಯ, ಆ ಪಟ್ಟಿಯಲ್ಲಿತ್ತು. ಓಮಲಿಜುಮ್ಯಾಬ್ ಅಂಥದ್ದೇ. ಆದರೆ ಕಂಪನಿಗಳು ಅದಕ್ಕೆ ಮಿತಿ ಹಾಕಬಹುದು. ಒಳರೋಗಿ ಅಥವಾ ಡೇ ಕೇರ್ ಆಗಿ ದಾಖಲಾಗಿರಬೇಕು ಅನ್ನುವುದರ ಮೇಲೂ ತಕರಾರು ಬರುತ್ತದೆ. ನಮ್ಮ ಅರ್ಜಿಯನ್ನು 'ದಾಖಲಾಗಿಲ್ಲ' ಎಂದು ಮೊದಲು ವಾಪಸ್ ಕಳಿಸಿದರು. ಹಿಂದಿನ ಆಸ್ಪತ್ರೆ ದಾಖಲೆ, ಸ್ಟೀರಾಯ್ಡ್ ಚೀಟಿಗಳು, ಈ ಇಂಜೆಕ್ಷನ್ ಯಾಕೆ ಬೇಕು ಎಂದು ಡಾಕ್ಟರ್ ಬರೆದ ಪತ್ರ, ಎಲ್ಲ ಸೇರಿಸಿ ಮತ್ತೆ ಹಾಕಿದ ಮೇಲೆ ಒಂದು ಭಾಗ ಸಿಕ್ಕಿತು. ಮೊದಲ ಡೋಸ್‌ಗೆ ಮುಂಚೆಯೇ ಮುಂಗಡ ಒಪ್ಪಿಗೆ ಕೇಳಿ. ಔಷಧಿ ಕಂಪನಿಯ ಕಡೆಯಿಂದ ರೋಗಿಗಳಿಗೆ ರಿಯಾಯಿತಿ ಯೋಜನೆ ಇದೆಯಾ ಎಂದೂ ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಇಂಜೆಕ್ಷನ್ ದಿನ

ಔಷಧಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಶಿವಮೊಗ್ಗದಲ್ಲಿ ಕೊಂಡು ಬಸ್ಸಿನಲ್ಲಿ ಊರಿಗೆ ತಂದು ಇಲ್ಲಿ ಹಾಕಿಸುವ ಯೋಚನೆ ಬೇಡ. ಹಾಕುವ ಆಸ್ಪತ್ರೆಯಲ್ಲೇ ಕೊಳ್ಳಿ. ಪುಡಿ ರೂಪದ ಬಾಟಲಿ ಆದರೆ ಕರಗುವುದಕ್ಕೇ ಹದಿನೈದು ಇಪ್ಪತ್ತು ನಿಮಿಷ ಬೇಕು. ದ್ರವ ಮಂದವಾಗಿರುತ್ತದೆ, ನಿಧಾನವಾಗಿ ಚರ್ಮದ ಕೆಳಗೆ ಬಿಡುತ್ತಾರೆ. ಪುಡಿಯಿಂದ ಮಾಡಿದ್ದನ್ನು ಒಂದು ಜಾಗಕ್ಕೆ 150 ಮಿ.ಗ್ರಾಂಗಿಂತ ಹೆಚ್ಚು ಹಾಕುವಂತಿಲ್ಲ. ಹಾಗಾಗಿ ಡೋಸ್ ದೊಡ್ಡದಾದರೆ ಎರಡು ಮೂರು ಚುಚ್ಚು. ನೋವು ಇರುತ್ತದೆ, ಆದರೆ ತಡೆಯುವಷ್ಟೇ.

ಹಾಕಿಸಿಕೊಂಡ ಕೂಡಲೇ ಬಸ್ ಹಿಡಿಯಬೇಡಿ. ಸಾವಿರಕ್ಕೆ ಒಂದಿಬ್ಬರಿಗೆ ಮೈಯೆಲ್ಲ ತುರಿಕೆ, ಗಂಟಲು ಬಿಗಿಯುವುದು, ತಲೆ ಸುತ್ತಿ ಬೀಳುವಂತಾಗುವುದು ಬರಬಹುದು. ಇದು ಅನಾಫಿಲಾಕ್ಸಿಸ್, ಜೀವಕ್ಕೆ ಅಪಾಯ. ತಕ್ಷಣ ತೊಡೆಗೆ ಅಡ್ರಿನಲಿನ್ ಕೊಡಬೇಕು. ಆದ್ದರಿಂದ ಮೊದಲ ಮೂರು ಸಲ ಎರಡು ಗಂಟೆ, ಆಮೇಲೆ ಪ್ರತಿ ಸಲ ಅರ್ಧ ಗಂಟೆಯಾದರೂ ಕೂರಿಸಿಕೊಳ್ಳುವುದು ರೂಢಿ. ನಿಮ್ಮ ಆಸ್ಪತ್ರೆ ಎಷ್ಟು ಹೊತ್ತು ಹೇಳುತ್ತದೋ ಅಷ್ಟೂ ಹೊತ್ತು ಕೂರಿ. ಮನೆ ತಲುಪಿದ ಮೇಲೂ, ವರ್ಷದ ನಂತರವೂ ಇದು ಅಪರೂಪಕ್ಕೆ ಬರುವುದುಂಟು. ದೂರದ ಹಳ್ಳಿಯವರು ಅಂಥ ಹೊತ್ತಿನಲ್ಲಿ ಎಲ್ಲಿಗೆ ಓಡಬೇಕು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ.

ಆಮೇಲಿನ ತಿಂಗಳುಗಳು

'ಇಷ್ಟು ದುಡ್ಡಿನ ಸೂಜಿ ಹಾಕಿಸ್ಕೊಂಡ ಮೇಲೂ ಪಂಪ್ ಯಾಕೆ?' ಎಂದು ನಮ್ಮತ್ತೆಯೂ ಕೇಳಿದ್ದರು. ಇಂಜೆಕ್ಷನ್ ಇರುವುದು ಇನ್ಹೇಲರ್ ಜೊತೆಗೆ, ಅದರ ಬದಲಿಗೆ ಅಲ್ಲ. ಸ್ಟೀರಾಯ್ಡ್ ಮಾತ್ರೆಯನ್ನಂತೂ ಒಮ್ಮೆಲೇ ನಿಲ್ಲಿಸಲೇಬಾರದು. ಬಹಳ ಕಾಲ ನುಂಗಿದವರ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಇಳಿಸುವಾಗ ಕೈಕಾಲು ಜೋಮು, ಹೊಸದಾಗಿ ಚರ್ಮದ ಮೇಲೆ ಗುಳ್ಳೆ, ಕಲೆ ಬಂದರೆ ಕೂಡಲೇ ತಿಳಿಸಿ.

ಒಂದು ನೋಟ್‌ಬುಕ್ ಇಡಿ, ಮೊದಲ ಡೋಸ್‌ಗೆ ಎರಡು ತಿಂಗಳ ಮುಂಚಿನಿಂದಲೇ. ರಾತ್ರಿ ಎಚ್ಚರವಾದದ್ದು, ತುರ್ತಿನ ಪಂಪ್ ಎಷ್ಟು ಸಲ, ಬೆಳಗಿನ ಪೀಕ್ ಫ್ಲೋ (ಜೋರಾಗಿ ಊದಿದಾಗ ಉಸಿರಿನ ವೇಗ ತೋರಿಸುವ ಮೀಟರಿನ ಸಂಖ್ಯೆ), ನುಂಗಿದ ಪ್ರೆಡ್ನಿಸೋಲೋನ್, ಕೆಲಸ ತಪ್ಪಿದ ದಿನ. ತಿಂಗಳಿಗೊಮ್ಮೆ ಅಸ್ತಮಾ ಕಂಟ್ರೋಲ್ ಟೆಸ್ಟ್‌ನ ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಒಟ್ಟು 25 ಅಂಕ, 19 ಅಥವಾ ಕಡಿಮೆ ಬಂದರೆ ಹತೋಟಿ ಸಾಲದು. ಮೂರು ಅಂಕ ಏರಿದರೆ ಅದು ನಿಜವಾದ ಸುಧಾರಣೆ. 'ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ' ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ?

ಓಮಲಿಜುಮ್ಯಾಬ್ ಹಿಡಿಯಿತೇ ಎಂದು ಸುಮಾರು 16 ವಾರಕ್ಕೆ ನೋಡುತ್ತಾರೆ. ಆಗ ಐಜಿಇ ಮತ್ತೆ ಅಳೆಯಿಸಿದರೆ ಸಂಖ್ಯೆ ನೋಡಿ ಹೆದರಬೇಡಿ. ಔಷಧಿಗೆ ಅಂಟಿಕೊಂಡ ಐಜಿಇ ಸೇರಿ ಒಟ್ಟು ಸಂಖ್ಯೆ ಏರಿಯೇ ಇರುತ್ತದೆ. ಅದನ್ನು ನೋಡಿ ಡೋಸ್ ಬದಲಿಸುವಂತಿಲ್ಲ. ನನಗೆ ಮೊದಲು ಗೊತ್ತಾದದ್ದು ರಾತ್ರಿಯ ನಿದ್ದೆಯಲ್ಲಿ. ಪೀಕ್ ಫ್ಲೋ ಅಷ್ಟೇನೂ ಏರಲಿಲ್ಲ, ಆದರೆ ಆ ಮಳೆಗಾಲ ಪ್ರೆಡ್ನಿಸೋಲೋನ್ ಬೇಕಾಗಲಿಲ್ಲ. ನನಗೆ ಅದೇ ದೊಡ್ಡದು. ಯಾಕೆಂದರೆ ಆ ಮಾತ್ರೆಯಿಂದ ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಣ್ಣಿಗೆ ಪೊರೆ ಬರುವುದು ಎಲ್ಲವೂ ಉಂಟು.

ನಾಲ್ಕು ತಿಂಗಳಿಗೂ ನೋಟ್‌ಬುಕ್ಕಿನಲ್ಲಿ ಏನೂ ಬದಲಾಗದಿದ್ದರೆ ಮುಂದುವರಿಸುವುದೋ, ಬೇರೆ ಬಯಾಲಜಿಕ್ ನೋಡುವುದೋ ಎಂದು ನೀವೇ ಮಾತು ತೆಗೆಯಿರಿ. ಹಿಡಿದಿದ್ದರೆ ತಾರೀಖು ತಪ್ಪಿಸಬೇಡಿ. ಮದುವೆ, ಮಳೆ, ರಸ್ತೆ ಬಂದ್ ಏನೇ ಬಂದು ತಪ್ಪಿದರೂ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಬೇರೆ ದಿನ ತೆಗೆದುಕೊಳ್ಳಿ. ಇದೆಲ್ಲದರ ನಡುವೆ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿ, ಪಂಪ್ ಎಳೆದರೂ ಇಳಿಯದ ಉಬ್ಬಸ ಬಂದರೆ ಮುಂದಿನ ಇಂಜೆಕ್ಷನ್‌ಗೆ ಕಾಯಬೇಡಿ. ಸ್ಪೇಸರ್‌ನಲ್ಲಿ ತುರ್ತಿನ ಪಂಪ್ ಎಳೆಯುತ್ತಲೇ 108ಕ್ಕೆ ಕರೆ ಮಾಡಿ.