ಮೂತ್ರದಲ್ಲಿ ರಕ್ತ ಕಂಡರೆ ಇಂಗ್ಲೆಂಡಿನಲ್ಲಿ ಮುಂದೇನು?

ಒಂದಕ್ಕೆ ಹೋದಾಗ ಕಮೋಡಿನ ನೀರು ಕೆಂಪಗಾಯಿತು. ನೋವಿಲ್ಲ, ಉರಿಯಿಲ್ಲ. ಮಾರನೇ ದಿನ ಮತ್ತೆ ತಿಳಿಯಾಯಿತು. ಹೆಚ್ಚಿನವರು ಅಲ್ಲಿಗೇ ಮರೆತುಬಿಡುತ್ತಾರೆ. ಮೂತ್ರಕೋಶದ ಕ್ಯಾನ್ಸರ್ ಬಹಳ ಸಲ ಮೊದಲು ಕಾಣಿಸಿಕೊಳ್ಳುವುದೇ ಹೀಗೆ. ರಕ್ತ ಬಂದು ನಿಂತಿದೆ ಅಂದರೆ ವಾಸಿಯಾಗಿದೆ ಅಂತಲ್ಲ. ಸ್ತನಕ್ಕೆ, ಕರುಳಿಗೆ ಇರುವಂಥ ತಪಾಸಣೆಯ ಕರೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಇದಕ್ಕೆ ಬರುವುದಿಲ್ಲ. ನೀವೇ ಬಾಯಿ ಬಿಡಬೇಕು.

ನಿಮ್ಮ ಫ್ಯಾಮಿಲಿ ಡಾಕ್ಟರ್ (ಜಿಪಿ) ಹತ್ತಿರ ಸುತ್ತಿ ಬಳಸಿ ಮಾತಾಡಬೇಡಿ. ನಮ್ಮವರು ಮೊದಲು ಬೆನ್ನುನೋವು, ಸುಸ್ತು ಎಲ್ಲ ಹೇಳಿ, ಎದ್ದು ಹೊರಡುವಾಗ ರಕ್ತದ ವಿಷಯ ಎತ್ತುತ್ತಾರೆ. ಅಷ್ಟರಲ್ಲಿ ನಿಮ್ಮ ಭೇಟಿಯ ಹತ್ತು ನಿಮಿಷ ಮುಗಿದಿರುತ್ತದೆ. "ಮೂತ್ರದಲ್ಲಿ ರಕ್ತ ಬಂತು, ನಾನೇ ಕಣ್ಣಾರೆ ನೋಡಿದೆ" ಅನ್ನುವುದೇ ಮೊದಲ ಮಾತಾಗಲಿ. ವಯಸ್ಸು 45 ಅಥವಾ ಅದಕ್ಕಿಂತ ಹೆಚ್ಚಾದವರಿಗೆ ಸೋಂಕಿಲ್ಲದೆ ಹೀಗಾದರೆ, ಅಥವಾ ಸೋಂಕು ವಾಸಿಯಾದ ಮೇಲೂ ರಕ್ತ ಬಂದರೆ, ಕ್ಯಾನ್ಸರ್ ಶಂಕೆಯ ತುರ್ತು ರೆಫರಲ್ ಕೊಡಬೇಕೆಂದು, ಅಂದರೆ ಆಸ್ಪತ್ರೆಯ ತಜ್ಞರ ಬಳಿ ಬೇಗ ಕಳಿಸಬೇಕೆಂದು, ಮಾರ್ಗಸೂಚಿ ಇದೆ. ಹೆಂಗಸರಿಗೆ ಒಂದು ಕಿವಿಮಾತು: ಯೂರಿನ್ ಇನ್ಫೆಕ್ಷನ್ ಅಂತ ಮತ್ತೆ ಮತ್ತೆ ಆಂಟಿಬಯಾಟಿಕ್ ಕೊಡುತ್ತಿದ್ದರೆ, ಲ್ಯಾಬ್ ಪರೀಕ್ಷೆಯಲ್ಲಿ ನಿಜಕ್ಕೂ ಸೋಂಕು ಸಿಕ್ಕಿತಾ ಅಂತ ಕೇಳಿ.

ರೆಫರಲ್ ಪತ್ರದಲ್ಲಿ ಕ್ಯಾನ್ಸರ್ ಅನ್ನುವ ಪದ ನೋಡಿ ಗಾಬರಿ ಬೀಳಬೇಡಿ. ಹಾಗೆ ಹೋದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಇದೆಯೋ ಇಲ್ಲವೋ ಅಂತ 28 ದಿನದೊಳಗೆ ಹೇಳಬೇಕು, ಇದ್ದರೆ ರೆಫರಲ್ ಆದ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು. ಇವು ಗುರಿಗಳು ಅಷ್ಟೇ, ಎಷ್ಟೋ ಸಲ ತಪ್ಪುತ್ತವೆ. ದಿನ ಮೀರಿದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಲೆಕ್ಕ ಬೇರೆ. ಅವರು ಜಿಪಿಯನ್ನು ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆ ಚಿಕಿತ್ಸೆಗೆ ಮಾತ್ರ ಸಾಮಾನ್ಯ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿಕೊಂಡರೆ ಮುಂದಿನ ವೀಸಾಕ್ಕೇ ತೊಂದರೆಯಾಗಬಹುದು. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿ ಇಲ್ಲಿ ನೆಲೆಸಿರುವ ನಿಮಗೆ ಈ ಚಿಂತೆ ಇಲ್ಲ.

ಆಸ್ಪತ್ರೆಯಲ್ಲಿ ಮೊದಲು ಸ್ಕ್ಯಾನ್, ಜೊತೆಗೆ ಸಿಸ್ಟೋಸ್ಕೋಪಿ. ಮೂತ್ರದ ದಾರಿಯಲ್ಲಿ ಮರಗಟ್ಟಿಸುವ ಜೆಲ್ ಹಾಕಿ, ತೆಳ್ಳಗಿನ ಬಾಗುವ ಕ್ಯಾಮೆರಾ ಒಳಗೆ ಬಿಡುತ್ತಾರೆ. ಎಚ್ಚರವಾಗಿಯೇ ಇರುತ್ತೀರಿ, ಕೆಲವೇ ನಿಮಿಷದ ಕೆಲಸ. ಪಕ್ಕದ ಪರದೆಯಲ್ಲಿ ನೀವೂ ನೋಡಬಹುದು. ಗೋಡೆ ತಿಳಿ ಗುಲಾಬಿ, ಮೇಲೆ ಸಣ್ಣ ಸಣ್ಣ ರಕ್ತನಾಳ. ಗೆಡ್ಡೆ ಇದ್ದರೆ ಎಷ್ಟೋ ಸಲ ನೀರೊಳಗೆ ತೂಗುವ ಪಾಚಿಯ ಎಳೆಗಳ ಹಾಗೆ ಕಾಣುತ್ತದೆ. ಆಮೇಲೆ ಒಂದೆರಡು ದಿನ ಉರಿ ಇರುತ್ತದೆ, ನೀರು ಚೆನ್ನಾಗಿ ಕುಡಿಯಿರಿ.

ಗೆಡ್ಡೆ ಕಂಡರೆ ಮುಂದಿನದು ಟಿಯುಆರ್‌ಬಿಟಿ. ಪೂರ್ತಿ ಅರಿವಳಿಕೆ ಅಥವಾ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯಿಂದಲೇ ಹೋಗಿ ಕೆರೆದು ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಹೆಚ್ಚಾಗಿ ಮೈಟೊಮೈಸಿನ್ ಅನ್ನುವ ಕೀಮೊ ಔಷಧಿಯನ್ನು ಆಗಲೇ ಒಂದು ಸಲ ಮೂತ್ರಕೋಶಕ್ಕೆ ಹಾಕುತ್ತಾರೆ. ಅದು ಒಳಗಷ್ಟೇ ಕೆಲಸ ಮಾಡುವುದರಿಂದ ಕೂದಲು ಉದುರುವ ಭಯ ಬೇಡ.

ಕೆರೆದು ತೆಗೆದ ಚೂರುಗಳಿಂದಲೇ ಹಂತ ಗೊತ್ತಾಗುವುದು. ಮನೆ ಗೋಡೆಯನ್ನು ನೆನೆಸಿಕೊಳ್ಳಿ. ಗೆಡ್ಡೆ ಸುಣ್ಣದ ಪದರದಲ್ಲೇ ಇದ್ದರೆ ಟಿಎ. ಗಾರೆಗೆ ಇಳಿದಿದ್ದರೆ ಟಿ1. ಇಟ್ಟಿಗೆಗೆ, ಅಂದರೆ ಸ್ನಾಯುವಿಗೆ, ಇಳಿದಿದ್ದರೆ ಟಿ2, ಅದು ಆರಂಭದ ಹಂತ ಅಲ್ಲ. ಸಿಐಎಸ್ ಅಂತ ಒಂದಿದೆ. ಸುಣ್ಣದಲ್ಲೇ ಚಪ್ಪಟೆಯಾಗಿ ಹರಡಿರುತ್ತದೆ, ಆದರೆ ಜೋರಿನದು. ಗ್ರೇಡ್ ಅನ್ನುವುದು ಬೇರೆ ಲೆಕ್ಕ, ಜೀವಕೋಶಗಳು ಎಷ್ಟು ಕೆರಳಿವೆ ಅನ್ನುವುದು. ಒಂದು ಪ್ರಶ್ನೆಯನ್ನು ಬರೆದುಕೊಂಡೇ ಹೋಗಿ: "ಸ್ಯಾಂಪಲ್‌ನಲ್ಲಿ ಸ್ನಾಯು ಇತ್ತಾ?" ಇಟ್ಟಿಗೆಯ ಚೂರೇ ಸಿಗದಿದ್ದರೆ ಅಲ್ಲಿಗೆ ಇಳಿದಿಲ್ಲ ಅಂತ ಹೇಳುವುದು ಹೇಗೆ, ಅಲ್ವಾ? ಅಪಾಯ ಜಾಸ್ತಿ ಅನಿಸಿದರೆ ಆರು ವಾರದೊಳಗೆ ಇನ್ನೊಂದು ಸಲ ಕೆರೆಯುತ್ತಾರೆ. ಮೊದಲ ಸಲ ತಪ್ಪು ಮಾಡಿದರು ಅಂತ ಅದರರ್ಥ ಅಲ್ಲ.

ಸ್ನಾಯುವಿಗೆ ಇಳಿಯದ ಗೆಡ್ಡೆಯಲ್ಲಿ ಅಪಾಯ ಕಡಿಮೆ ಇದ್ದರೆ ಮೂರು ತಿಂಗಳಿಗೆ, ಒಂದು ವರ್ಷಕ್ಕೆ ಕ್ಯಾಮೆರಾ ಪರೀಕ್ಷೆ. ಎರಡೂ ಸರಿ ಇದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮಧ್ಯಮ ಅಪಾಯಕ್ಕೆ ಮೈಟೊಮೈಸಿನ್ ಕನಿಷ್ಠ ಆರು ಸಲ. ಹೆಚ್ಚಿನ ಅಪಾಯಕ್ಕೆ ಬಿಸಿಜಿ, ಅಥವಾ ಮೂತ್ರಕೋಶವನ್ನೇ ತೆಗೆಯುವ ಆಪರೇಷನ್. ಎರಡರ ಬಗ್ಗೆಯೂ ನಿಮ್ಮ ಜೊತೆ ಮಾತಾಡಬೇಕು, ಆಯ್ಕೆ ನಿಮ್ಮದು.

ಹೌದು, ತೋಳಿನ ಮೇಲೆ ಕಲೆ ಉಳಿಸಿದ ಅದೇ ಕ್ಷಯದ ಲಸಿಕೆ ಬಿಸಿಜಿ. ವಾರಕ್ಕೊಂದರಂತೆ ಆರು ವಾರ ಸಣ್ಣ ಟ್ಯೂಬಿನಲ್ಲಿ ಮೂತ್ರಕೋಶಕ್ಕೆ ಹಾಕುತ್ತಾರೆ. ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಅದು ಜೀವಂತ ಬ್ಯಾಕ್ಟೀರಿಯಾ. ಆದ್ದರಿಂದ ಆಮೇಲೆ ಆರು ಗಂಟೆ ಗಂಡಸರೂ ಕೂತೇ ಮೂತ್ರ ಮಾಡಬೇಕು, ಪ್ರತಿ ಸಲ ಕಮೋಡಿಗೆ ಬ್ಲೀಚ್ ಸುರಿದು ಹದಿನೈದು ನಿಮಿಷ ಬಿಟ್ಟು ಫ್ಲಶ್ ಮಾಡಬೇಕು. ಜ್ವರ ಏರಿ ಇಳಿಯದಿದ್ದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ನಿಮ್ಮ ಸ್ಪೆಷಲಿಸ್ಟ್ ನರ್ಸ್‌ಗೆ ಫೋನ್ ಮಾಡಿ. ಡಾಕ್ಟರಿಗಿಂತ ಬೇಗ ಕೈಗೆ ಸಿಗುವುದು ಅವರೇ, ನಂಬರನ್ನು ಮೊದಲ ದಿನವೇ ಇಸಿದುಕೊಳ್ಳಿ.

ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ಇರುವವರಿಗೆ ಔಷಧಿ ಚೀಟಿಯ ಶುಲ್ಕವೂ ಇಲ್ಲ. ಅದಕ್ಕೆ ಬೇಕಾದ ಎಫ್‌ಪಿ92ಎ ಅನ್ನುವ ಫಾರಂ ಜಿಪಿ ಹತ್ತಿರ ಸಿಗುತ್ತದೆ. ಇಂಗ್ಲಿಷ್ ಬಾರದ ಹಿರಿಯರಿಗೆ ದುಭಾಷಿ ಬೇಕೆಂದು ಮುಂಚೆಯೇ ಹೇಳಿಡಿ, ಅದಕ್ಕೂ ದುಡ್ಡು ಕೊಡಬೇಕಿಲ್ಲ. ಮಗ ಸೊಸೆಯ ಎದುರಿಗೆ ಮೂತ್ರದ ಮಾತಾಡಲು ಅಪ್ಪ ನಾಚಿಕೊಳ್ಳುತ್ತಾರೆ. ದುಭಾಷಿಯ ಹತ್ತಿರ ಎಲ್ಲ ಹೇಳುತ್ತಾರೆ.