ಕಚೇರಿಯ ಹಳೆಯ ಕಂಪ್ಯೂಟರ್‌ಗಳನ್ನು ಮರುಬಳಕೆಗೆ ಕೊಡುವ ಕ್ರಮ

ಹಳೆಯ ಕಂಪ್ಯೂಟರ್‌ಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ ಮೇಲೆ ಅವು ಎಲ್ಲಿಗೆ ಹೋದವೆಂದು ತಿಳಿಯುವ ದಾರಿ ಉಳಿಯುವುದಿಲ್ಲ. ವೈರುಗಳನ್ನು ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುವ, ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ಬಿಡಿಸುವ ಕೆಲಸ ಇಂದಿಗೂ ನಡೆದಿದೆ. ಆ ಹೊಗೆಗೆ ಮೈಯೊಡ್ಡುವವರು ಬಡ ಕೂಲಿಕಾರರು. ಅದೇ ಲೋಹಗಳು ನೋಂದಾಯಿತ ಮರುಬಳಕೆ ಘಟಕವನ್ನು ತಲುಪಿದರೆ ಮತ್ತೆ ಕಾರ್ಖಾನೆಗಳ ಕಚ್ಚಾ ಸಾಮಗ್ರಿಯಾಗುತ್ತವೆ. ಆದ್ದರಿಂದ ಪ್ರತಿಯೊಂದು ಯಂತ್ರವನ್ನೂ ಅದರ ಸೀರಿಯಲ್ ನಂಬರ್ ಮೂಲಕ ಕೊನೆಯವರೆಗೂ ಗುರುತಿಸುವಂತಿರಬೇಕು.

ಮೊದಲು ಒಂದು ಎಕ್ಸೆಲ್ ಹಾಳೆಯಲ್ಲಿ ಯಂತ್ರಕ್ಕೊಂದು ಸಾಲಿನಂತೆ ಸೀರಿಯಲ್ ನಂಬರ್, ಮಾದರಿ, ಕೊಂಡ ವರ್ಷ, ಈಗಿನ ಸ್ಥಿತಿ ಮತ್ತು ತೂಕವನ್ನು ಬರೆಯಿರಿ. ಲ್ಯಾಪ್‌ಟಾಪಿನ ತಳದಲ್ಲಿರುವ ಸ್ಟಿಕ್ಕರ್ ಅಳಿಸಿಹೋಗಿದ್ದರೆ, ಯಂತ್ರ ಆನ್ ಆಗುವಂತಿದ್ದಲ್ಲಿ, ಬಯಾಸ್ (ಆನ್ ಮಾಡಿದೊಡನೆ ತೆರೆಯಬಹುದಾದ ಮೂಲ ಸೆಟ್ಟಿಂಗ್) ಪರದೆಯಲ್ಲಿ ಸಾಮಾನ್ಯವಾಗಿ ಈ ನಂಬರ್ ಸಿಗುತ್ತದೆ. ರ‍್ಯಾಮ್ ಹೆಚ್ಚಿಸಿದರೆ ಅಥವಾ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗವಾದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಕೆಲವು ವರ್ಷ ನಡೆಯಬಲ್ಲ ಯಂತ್ರಗಳನ್ನು ಬೇರೆಯಿಡಿ. ದುರಸ್ತಿ ಸಾಧ್ಯವಿರುವುದನ್ನು ಒಡೆಯಲು ಕಳಿಸುವುದು ನನ್ನ ದೃಷ್ಟಿಯಲ್ಲಿ ನಷ್ಟವೇ.

ದತ್ತಾಂಶ ಅಳಿಸುವ ಹಂತದಲ್ಲಿ ಅವಸರ ಬೇಡ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಸೂಚಿ ಹೋಗುತ್ತದೆಯೇ ಹೊರತು ಒಳಗಿನ ಮಾಹಿತಿ ಪೂರ್ತಿ ಅಳಿಯುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಹಳೆಯ ಮಾಹಿತಿಯ ಮೇಲೆ ಬೇರೆ ದತ್ತಾಂಶವನ್ನು ಪೂರ್ತಿಯಾಗಿ ಮರುಬರೆಯಬೇಕು. ಎಸ್‌ಎಸ್‌ಡಿಗೆ ತಯಾರಕರೇ ಒದಗಿಸುವ ಸೆಕ್ಯೂರ್ ಇರೇಸ್ ಸೌಲಭ್ಯ ಬಳಸಬೇಕು. ಬಿಚ್ಚಿ ತೆಗೆದ ಲಿಥಿಯಂ ಬ್ಯಾಟರಿಗಳ ತುದಿಗೆ ಟೇಪ್ ಅಂಟಿಸಿ ಪ್ರತ್ಯೇಕ ಡಬ್ಬದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ (ಬಳಸಿ ಬಿಟ್ಟ ಎಲೆಕ್ಟ್ರಾನಿಕ್ ವಸ್ತು) ನಿಯಮಗಳಂತೆ ತಯಾರಕರು, ಉತ್ಪಾದಕರು, ದುರಸ್ತಿಗಾರರು ಮತ್ತು ಇ-ತ್ಯಾಜ್ಯದಿಂದ ಲೋಹ ಮುಂತಾದವನ್ನು ಬೇರ್ಪಡಿಸುವ ಮರುಬಳಕೆ ಘಟಕಗಳವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಒಂದು ಹಣಕಾಸು ವರ್ಷದಲ್ಲಿ ಯಾವುದೇ ಹಂತದಲ್ಲಿ 1,000 ಅಥವಾ ಅದಕ್ಕಿಂತ ಹೆಚ್ಚು ಉಪಕರಣ ಬಳಸಿದ ಸಂಸ್ಥೆ ಬೃಹತ್ ಗ್ರಾಹಕ ಎನಿಸುತ್ತದೆ. ಅದು ನೋಂದಾಯಿತರಿಗೇ ಇ-ತ್ಯಾಜ್ಯ ಕೊಡಬೇಕು. ನಿಮ್ಮದು ಹತ್ತು ಜನರ ಕಚೇರಿಯಾದರೂ ಅದೇ ಕ್ರಮ ಅನುಸರಿಸಿ. ಯಂತ್ರಗಳನ್ನು ಒಯ್ಯಲು ಬರುವ ಏಜೆಂಟ್ ತೋರಿಸುವ ಪ್ರಮಾಣಪತ್ರದ ನಕಲನ್ನಷ್ಟೇ ನೋಡದೆ, ನೋಂದಣಿ ಯಾರ ಹೆಸರಿನಲ್ಲಿದೆ, ಯಾವ ವರ್ಗದ್ದು, ಅವಧಿ ಮುಗಿದಿದೆಯೇ ಎಂಬುದನ್ನು ಪರಿಶೀಲಿಸಿ.

ವಾಹನ ಬಂದಾಗ ನಿಮ್ಮ ಹಾಳೆಯ ಪ್ರತಿಗೆ ಸಹಿ ಪಡೆದು, ಸೀರಿಯಲ್ ನಂಬರ್‌ವಾರು ಸ್ವೀಕೃತಿ ಬೇಕೆಂದು ಮೊದಲೇ ಲಿಖಿತವಾಗಿ ತಿಳಿಸಿ. "ಇಷ್ಟು ಕಿಲೋ ಇ-ತ್ಯಾಜ್ಯ ಸ್ವೀಕರಿಸಲಾಗಿದೆ" ಎಂಬ ಒಂದೇ ಸಾಲಿನ ಪತ್ರ ಸಾಲದು, ಏಕೆಂದರೆ ದಾರಿಯಲ್ಲಿ ಒಳ್ಳೆಯ ಯಂತ್ರ ತೆಗೆದು ಅಷ್ಟೇ ತೂಕದ ಬೇರೆ ವಸ್ತು ಸೇರಿಸಿದರೂ ಅದರಿಂದ ಗೊತ್ತಾಗುವುದಿಲ್ಲ. ಸ್ವೀಕೃತಿ ಬಂದ ಮೇಲೆ ಹಾಳೆಯೊಂದಿಗೆ ತಾಳೆ ನೋಡಿ, ಕಾಣದ ನಂಬರ್‌ಗಳಿಗೆ ಲಿಖಿತ ವಿವರಣೆ ಪಡೆದ ನಂತರವೇ ಅವುಗಳನ್ನು ಆಸ್ತಿ ಪಟ್ಟಿಯಿಂದ ತೆಗೆಯಿರಿ.