ಐನೂರು ರೂಪಾಯಿ ಸಾಂಟಾ ಮತ್ತು ರೀಲ್ಸ್ ಕಾಟ

ನಮ್ಮ ಆಫೀಸಿನಲ್ಲಿ ಡಿಸೆಂಬರ್ ಬಂದರೆ ಸೀಕ್ರೆಟ್ ಸಾಂಟಾ ನಡೆಸುವುದು ನನ್ನ ಕೆಲಸ. ಹಾಗಂತ ಆಫರ್ ಲೆಟರ್‌ನಲ್ಲಿ ಬರೆದಿರಲಿಲ್ಲ. ಎಚ್‌ಆರ್‌ನಲ್ಲಿ ಇರುವವರ ತಲೆಗೆ ಇದು ತಾನಾಗಿಯೇ ಬಂದು ಕಟ್ಟಿಕೊಳ್ಳುತ್ತದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿ ನಮ್ಮದು. ಒಬ್ಬರಿಗೆ ಇನ್ನೊಬ್ಬರ ಹೆಸರು ಬರುತ್ತದೆ. 500 ರೂಪಾಯಿ ಒಳಗೆ ಏನಾದರೂ ಕೊಡಬೇಕು. ಕೊಟ್ಟವರು ಯಾರು ಅಂತ ಕೊನೆಗೆ ಗೊತ್ತಾಗುತ್ತದೆ. ಆಟ ಇಷ್ಟೇ.

ಈಗೀಗ ಆಫೀಸಿನ ಕ್ರಿಸ್‌ಮಸ್ ಮರದ ಕೆಳಗೆ ಏನೇನು ಬಂದು ಕೂರುತ್ತದೆ ಅಂತ ನವೆಂಬರ್‌ನಲ್ಲೇ ಹೇಳಬಲ್ಲೆ. ಇನ್‌ಸ್ಟಾಗ್ರಾಂ ತೆರೆದು ಸ್ವಲ್ಪ ಹೊತ್ತು ಬೆರಳಾಡಿಸಿದರೆ ಸಾಕು.

ಮೊದಲು ಬಂದಿದ್ದು ಸ್ಟಾನ್ಲಿ ಕಪ್, ಸ್ಟಾನ್ಲಿ ಕಂಪನಿಯ ದೊಡ್ಡ ನೀರಿನ ಟಂಬ್ಲರ್. 2023ರ ನವೆಂಬರ್‌ನಲ್ಲಿ ಅಮೆರಿಕದ ಒಬ್ಬ ಮಹಿಳೆ ಸುಟ್ಟುಹೋದ ತನ್ನ ಕಾರಿನಿಂದ ಈ ಕಪ್ ತೆಗೆದು ಅಲ್ಲಾಡಿಸಿ ತೋರಿಸಿದಳು. ಒಳಗೆ ಐಸ್ ಇನ್ನೂ ಕರಗಿರಲಿಲ್ಲ. ಟಿಕ್‌ಟಾಕ್‌ನಲ್ಲಿ ಆ ವಿಡಿಯೊವನ್ನು ಕೋಟಿಗಟ್ಟಲೆ ಸಲ ನೋಡಲಾಯಿತು. ಕಂಪನಿಯವರೇ ಅವಳಿಗೆ ಹೊಸ ಕಾರು ಕೊಡಿಸಿದರು. ನಮ್ಮಲ್ಲಿ 2020ರ ಜೂನ್‌ನಿಂದ ಟಿಕ್‌ಟಾಕ್ ಇಲ್ಲ. ಆದರೆ ಅಲ್ಲಿ ಹುಟ್ಟಿದ್ದು ರೀಲ್ಸ್ ದಾರಿ ಹಿಡಿದು ಇಲ್ಲಿಗೆ ಬಂದೇ ಬರುತ್ತದೆ. ಮುಂದಿನ ಡಿಸೆಂಬರ್‌ನಲ್ಲಿ ನಮ್ಮ ಮರದ ಕೆಳಗೆ ಹಿಡಿ ಇರುವ, ಸ್ಟ್ರಾ ಇರುವ ದೊಡ್ಡ ಟಂಬ್ಲರ್‌ಗಳ ಸಾಲು. ಅಸಲಿ ಅಲ್ಲ ಬಿಡಿ, 500ಕ್ಕೆ ಎಲ್ಲಿ ಬರಬೇಕು.

ಆ ಕಪ್ ಜನಪ್ರಿಯ ಆಗಲು ಒಂದು ಕಾರಣ ಅದರ ಸಣ್ಣ ತಳ. ಒಂದು ಲೀಟರಿಗಿಂತ ಜಾಸ್ತಿ ಹಿಡಿಸಿದರೂ ಕಾರಿನ ಕಪ್ ಹೋಲ್ಡರ್‌ನಲ್ಲಿ ಕೂರುತ್ತದೆ. ನಮ್ಮವರಲ್ಲಿ ಅರ್ಧಕ್ಕರ್ಧ ಜನ ಬಿಎಂಟಿಸಿ ಬಸ್ಸು, ಮೆಟ್ರೊ, ಇಲ್ಲವೇ ಸ್ಕೂಟರ್. ಬ್ಯಾಗಿನಲ್ಲಿ ಅಡ್ಡ ಮಲಗಿಸಿದರೆ ಸ್ಟ್ರಾ ತೂತಿನಿಂದ ನೀರು ಸೋರುತ್ತದೆ. ಟೆಸ್ಟಿಂಗ್ ಟೀಮಿನ ಒಬ್ಬರು ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸು ಬದಲಿಸುವಾಗ ಲ್ಯಾಪ್‌ಟಾಪ್ ಬ್ಯಾಗಿನ ತಳ ತೊಟ್ಟಿಕ್ಕುತ್ತಿರುವುದನ್ನು ನೋಡಿದರಂತೆ. ಈಗ ಆ ಟಂಬ್ಲರ್ ಅವರ ಡೆಸ್ಕ್ ಮೇಲೆ ಪೆನ್ನು, ಕತ್ತರಿ, ಅಳತೆಪಟ್ಟಿ ಹೊತ್ತು ನಿಂತಿದೆ.

2025ರಲ್ಲಿ ಲಬೂಬು, ಬ್ಯಾಗಿಗೆ ನೇತುಹಾಕುವ ಗೊಂಬೆ. ಹಾಂಗ್‌ಕಾಂಗ್ ಮೂಲದ ಕಲಾವಿದ ಕಾಸಿಂಗ್ ಲುಂಗ್ 2015ರಲ್ಲಿ ಸೃಷ್ಟಿಸಿದ ಪಾತ್ರ ಅದು. ಚೀನಾದ ಪಾಪ್ ಮಾರ್ಟ್ ಕಂಪನಿ ಗೊಂಬೆ ಮಾಡಿ ಮಾರುತ್ತದೆ. 2024ರಲ್ಲಿ ಕೊರಿಯಾದ ಪಾಪ್ ಸಂಗೀತ ತಂಡ ಬ್ಲ್ಯಾಕ್‌ಪಿಂಕ್‌ನ ಲೀಸಾ ಆ ಗೊಂಬೆ ಜೊತೆ ಹಾಕಿದ ಫೋಟೊ ನೋಡಿದ ಮೇಲೆ ಎಲ್ಲರ ಬ್ಯಾಗಿಗೂ ಒಂದು ಬೇಕಾಯಿತು. ಇದರಲ್ಲೂ ನಮ್ಮ ಬಜೆಟ್‌ಗೆ ಸಿಗುವುದು ನಕಲಿ ಮಾತ್ರ. ಅಸಲಿ ಗೊಂಬೆಗೆ ಒಂಬತ್ತು ಹಲ್ಲು ಅನ್ನುವುದು ರೀಲ್ಸ್ ನೋಡುವ ಎಲ್ಲರಿಗೂ ಬಾಯಿಪಾಠ. ಫೈನಾನ್ಸ್‌ನ ಹುಡುಗಿ ಡಬ್ಬಿ ಬಿಚ್ಚಿದ ತಕ್ಷಣ ಸುತ್ತ ನಿಂತವರು ಪೆನ್ನಿನ ತುದಿಯಿಂದ ಹಲ್ಲು ಎಣಿಸಲು ಶುರು ಮಾಡಿದರು. "ಏ, ಹನ್ನೊಂದು ಇದೆ ಕಣೇ!" ಎಲ್ಲರಿಗೂ ನಗು. ಕೊಟ್ಟವನು ಹಿಂದೆಯೇ ನಿಂತಿದ್ದ. ಸಪೋರ್ಟ್ ಟೀಮಿಗೆ ಹೊಸದಾಗಿ ಸೇರಿದ ಹುಡುಗ. ನಗಲೂ ಆಗದೆ, ಅಲ್ಲಿಂದ ಜಾಗ ಬಿಡಲೂ ಆಗದೆ ಕಾಫಿ ಮೆಷಿನ್ ಕಡೆ ನೋಡುತ್ತಿದ್ದ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಗೊಂಬೆ ಪಜುಜು ಅನ್ನುವ ಹಳೆಯ ಕಾಲದ ದೆವ್ವ, ಮನೆಯೊಳಗೆ ತರಬೇಡಿ ಅಂತ ಒಂದು ಫಾರ್ವರ್ಡ್ ಅಷ್ಟರಲ್ಲಿ ಅಮ್ಮಂದಿರ ವಾಟ್ಸಾಪ್ ಗುಂಪುಗಳನ್ನು ಸುತ್ತಿತ್ತು. ಹುಡುಗಿಯ ಅಮ್ಮ ಬಾಗಿಲಲ್ಲೇ ತಡೆದರು. ಇನ್‌ಸ್ಟಾಗ್ರಾಂ ತರಿಸಿದ್ದನ್ನು ವಾಟ್ಸಾಪ್ ವಾಪಸ್ ಕಳಿಸಿತು. ಸೋಮವಾರ ನೋಡಿದರೆ ಗೊಂಬೆ ನಮ್ಮ ಪ್ರಿಂಟರ್ ಮೇಲೆ ಕೂತಿದೆ. ಪೇಪರ್ ಸಿಕ್ಕಿಹಾಕಿಕೊಂಡಾಗಲೆಲ್ಲ ಈಗ ಅದನ್ನೇ ಬೈಯುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ನನಗನಿಸಿದ್ದು ಇದು. ಜನರಿಗೆ ಟ್ರೆಂಡ್ ಹುಚ್ಚು ಹಿಡಿದಿದೆ ಅಂತಲ್ಲ. ಎದುರಿನವರ ಬಗ್ಗೆ ಏನೂ ಗೊತ್ತಿಲ್ಲದಿದ್ದಾಗ ರೀಲ್ಸ್ ಕೈಗೆ ಸಿಗುವ ಸುಲಭದ ಉತ್ತರ. ಕೊರೊನಾಕ್ಕೆ ಮುಂಚೆ ದಿನಾ ಒಂದೇ ಟೇಬಲ್‌ನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ಯಾರು ಕಾಫಿಗೆ ಸಕ್ಕರೆ ಹಾಕಲ್ಲ, ಯಾರ ಛತ್ರಿ ಮುರಿದಿದೆ, ಯಾರ ಮಗುವಿಗೆ ಎಲ್ಲಿ ಸೀಟು ಸಿಕ್ಕಿತು, ಎಲ್ಲ ಗೊತ್ತಿರುತ್ತಿತ್ತು. ಈಗ ವಾರಕ್ಕೆ ಎರಡು ದಿನ ಆಫೀಸು. ಉಳಿದ ದಿನ ಪರದೆಯ ಮೇಲೆ ಒಂದು ಹೆಸರು, ಎರಡು ಅಕ್ಷರ. ಅಂಥವರಿಗೆ ಉಡುಗೊರೆ ತರಬೇಕಾದರೆ ಎಲ್ಲರೂ ತರುವುದನ್ನೇ ತರುತ್ತಾರೆ, ಅಲ್ವಾ?

ಹಾಗಾಗಿ ಟ್ರೆಂಡ್ ಬೇಡ ಅಂತ ಭಾಷಣ ಮಾಡಲು ಹೋಗಲಿಲ್ಲ. ಹೆಸರಿನ ಜೊತೆಗೆ ಒಂದಿಷ್ಟು ವಿಷಯ ಕೊಡಲು ಶುರು ಮಾಡಿದೆ. ರೆಡಿಟ್ ಅನ್ನುವ ಚರ್ಚೆಯ ವೆಬ್‌ಸೈಟ್‌ನಲ್ಲಿ 2009ರಿಂದ 2021ರವರೆಗೆ ಪ್ರಪಂಚದ ಮೂಲೆಮೂಲೆಯ ಅಪರಿಚಿತರು ಸೀಕ್ರೆಟ್ ಸಾಂಟಾ ಆಡುತ್ತಿದ್ದರು. ಬಿಲ್ ಗೇಟ್ಸ್ ಕೂಡ ಕೆಲವು ವರ್ಷ ಸೇರಿದ್ದರು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಇಷ್ಟಗಳನ್ನು ಮೊದಲೇ ಬರೆದಿಡಬೇಕಿತ್ತು. ಒಬ್ಬರ ಮುಖ ಒಬ್ಬರು ನೋಡದಿದ್ದರೂ ಆಟ ಅಷ್ಟು ವರ್ಷ ನಡೆಯಿತು.

ನನ್ನ ಫಾರ್ಮ್‌ನಲ್ಲಿ 'ನಿಮ್ಮ ಹವ್ಯಾಸಗಳೇನು' ಅಂತ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಟ್ರಾವೆಲ್, ಮ್ಯೂಸಿಕ್ ಅಂತಲೇ ಬರೆಯುತ್ತಾರೆ. ಅದನ್ನಿಟ್ಟುಕೊಂಡು ಏನು ತರುವುದು? ಬದಲಿಗೆ ಹೀಗೆ ಕೇಳುತ್ತೇನೆ: ನಿಮ್ಮ ಬ್ಯಾಗಲ್ಲಿ, ಡೆಸ್ಕ್ ಮೇಲೆ ಏನು ಹಾಳಾಗಿದೆ, ಹೊಸದು ತರಲು ಆಗಿಲ್ಲ? ಸಂಜೆ ಐದಕ್ಕೆ ಏನು ತಿನ್ನಬೇಕು ಅನಿಸುತ್ತದೆ? ಏನು ತಿನ್ನಲೇಬಾರದು? ಮನೆಯಲ್ಲಿ ಈಗಾಗಲೇ ಜಾಸ್ತಿ ಇರುವುದು ಏನು?

ಕೊನೆಯ ಪ್ರಶ್ನೆಯಿಂದಲೇ ಅರ್ಧ ಕೆಲಸ ಆಗುತ್ತದೆ. ಮಗ್, ಸೆಂಟೆಡ್ ಕ್ಯಾಂಡಲ್, ಡೈರಿ, ಗಣೇಶನ ಮೂರ್ತಿ ಅಂತ ಉದ್ದಕ್ಕೆ ಬರುತ್ತದೆ ಪಟ್ಟಿ. ಒಬ್ಬರು 'ಮೋಟಿವೇಶನ್' ಅಂತ ಬರೆದಿದ್ದರು. ತಿನ್ನಬಾರದ್ದು ಯಾವುದು ಅಂತ ಕೇಳಲು ಕಾರಣ ದುಬೈ ಚಾಕೊಲೇಟ್. ಪಿಸ್ತಾ ಮತ್ತು ಕುನಾಫಾ ಅನ್ನುವ ಅರಬ್ ಕಡೆಯ ಶಾವಿಗೆಯಂಥ ಸಿಹಿ ತುಂಬಿದ ಆ ಬಾರ್ ವೈರಲ್ ಆದ ಮೇಲೆ ಸಿಕ್ಕ ಸಿಕ್ಕ ಬೇಕರಿಯಲ್ಲೂ ಅದೇ. ನಮ್ಮಲ್ಲಿ ಒಬ್ಬರಿಗೆ ಪಿಸ್ತಾ, ಗೋಡಂಬಿ ಯಾವುದೂ ಆಗಿಬರುವುದಿಲ್ಲ. ಅವರಿಗೇ ಆ ಬಾರ್ ಬಂತು. ಹೊದಿಕೆ ಓದಿ ಪಕ್ಕಕ್ಕಿಟ್ಟಿದ್ದಕ್ಕೆ ಸರಿಹೋಯಿತು.

ಇನ್ನು ಹೆಸರು ಎತ್ತುವುದು. ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ಎತ್ತಿದರೆ ಚೆಂದ, ಆದರೆ ಲೆಕ್ಕ ಕೈಕೊಡುತ್ತದೆ. ಹತ್ತು ಜನ ಇರಲಿ, ನೂರು ಜನ ಇರಲಿ, ಯಾರಿಗೂ ಅವರದೇ ಹೆಸರು ಬಾರದೆ ಇರುವ ಸಾಧ್ಯತೆ ಸುಮಾರು 37 ಪರ್ಸೆಂಟ್ ಮಾತ್ರ. ಅಂದರೆ ಹೆಚ್ಚಿನ ಸಲ ಯಾರೋ ಒಬ್ಬರು "ಅಯ್ಯೋ, ನನ್ನದೇ ಬಂತು" ಅಂತ ಕೂಗುತ್ತಾರೆ, ಮತ್ತೆ ಮೊದಲಿಂದ. ಅದಕ್ಕೇ ಡ್ರಾನೇಮ್ಸ್ ಥರದ ವೆಬ್‌ಸೈಟ್ ಬಳಸುತ್ತೇನೆ. ಇಂಥವರಿಗೆ ಇಂಥವರ ಹೆಸರು ಬೇಡ ಅಂತಲೂ ಅದರಲ್ಲಿ ಹೇಳಬಹುದು. ಮ್ಯಾನೇಜರ್‌ಗೆ ಅವರ ಟೀಮಿನವರ ಹೆಸರು ಬರದ ಹಾಗೆ ನೋಡಿಕೊಳ್ಳುತ್ತೇನೆ. ಅಪ್ರೈಸಲ್ ಹತ್ತಿರ ಇರುವಾಗ ಯಾಕೆ ಬೇಕು ಆ ರಗಳೆ.

ಎರಡು ವಿಷಯಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಒಂದು, ತಮಾಷೆ ಗಿಫ್ಟ್. 'ಅತಿ ಕೆಟ್ಟ ಸಾಂಟಾ ಗಿಫ್ಟ್' ಅಂತ ರೀಲ್ಸ್ ಓಡತೊಡಗಿದ ಮೇಲೆ ಡಿಯೋಡರೆಂಟ್, ತೂಕದ ಮೆಷಿನ್, ಒಳಉಡುಪು ಕೊಡುವುದು ಜೋಕ್ ಆಗಿಬಿಟ್ಟಿದೆ. ವಿಡಿಯೊದಲ್ಲಿ ನಗು ಬರಬಹುದು. ಆಫೀಸಿನಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರ ಪಾಶ್ ಕಾನೂನು ಇದೆ, ದೂರು ಕೇಳಲು ಸಮಿತಿ ಇದೆ, ಎಲ್ಲಕ್ಕಿಂತ ಮೊದಲು ಎದುರಿಗೆ ಒಬ್ಬ ಮನುಷ್ಯ ಇದ್ದಾನೆ. ಎರಡನೆಯದು, ಪ್ರೊಫೈಲ್ ಕೆದಕುವುದು. ಒಬ್ಬರು ಸಹೋದ್ಯೋಗಿಯ ಇನ್‌ಸ್ಟಾಗ್ರಾಂನಲ್ಲಿ ವರ್ಷಗಳ ಹಿಂದಕ್ಕೆ ಹೋಗಿ ಹಳೆಯ ಫೋಟೊ ಒಂದನ್ನು ಹುಡುಕಿ ಫ್ರೇಮ್ ಹಾಕಿಸಿ ಕೊಟ್ಟರು. ಮನಸ್ಸು ಒಳ್ಳೆಯದೇ. ಆದರೆ ಅದನ್ನು ತೆಗೆದುಕೊಂಡವರ ಮುಖ ಬಿಳಿಚಿಕೊಂಡಿತು. ಅಷ್ಟು ಹಿಂದಕ್ಕೆ ಹೋಗಿ ನೋಡಿದವರು ಯಾರು ಅಂತ ಅವರಿಗೆ ದಿಗಿಲು.

ಬೆಲೆಯ ವಿಷಯ ಮಾತ್ರ ಯಾವ ರೂಲ್ಸ್‌ಗೂ ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಪ್ಯಾಕ್ ಮಾಡಿದ ಬಹುತೇಕ ಎಲ್ಲ ಸಾಮಾನಿನ ಮೇಲೂ ಎಂಆರ್‌ಪಿ ಇರಬೇಕು. ಉಗುರಿನಿಂದ ಸ್ಟಿಕ್ಕರ್ ಕೆರೆದರೆ ಮಗ್ಗಿನ ತಳದಲ್ಲಿ ಬಿಳಿ ಅಂಟು ಉಳಿಯುತ್ತದೆ. ಅದೂ ಇಲ್ಲದಿದ್ದರೆ ಗೂಗಲ್ ಲೆನ್ಸ್ ಹಿಡಿದರಾಯಿತು. "249ಕ್ಕೆ ಸಿಗುತ್ತೆ ಗುರು ಇದು" ಅಂತ ಪಕ್ಕದವರೇ ಹೇಳುತ್ತಾರೆ. ಬ್ಲಿಂಕಿಟ್, ಇನ್‌ಸ್ಟಾಮಾರ್ಟ್ ಬಂದ ಮೇಲೆ ಕೊಡುವ ದಿನದ ಬೆಳಗ್ಗೆ ಆರ್ಡರ್ ಮಾಡುವವರೂ ಇದ್ದಾರೆ. ಎಲ್ಲರಿಗೂ ಆ್ಯಪ್ ತೋರಿಸುವುದು ಅದೇ ನಾಲ್ಕು ಕ್ಯಾಂಡಲ್. ಹಾಗಾಗಿ ಕೊಡುವ ದಿನಕ್ಕಿಂತ ಒಂದು ವಾರ ಮುಂಚೆಯೇ ಉಡುಗೊರೆ ನನ್ನ ಕಪಾಟಿಗೆ ಬಂದಿರಬೇಕು ಅಂತ ಮಾಡಿದ್ದೇನೆ. ಇದೊಂದರಿಂದ ಆದ ವ್ಯತ್ಯಾಸ ದೊಡ್ಡದು.

ಮೊಬೈಲ್ ಬಗ್ಗೆ ಜಗಳ ಬೇಡ ಅಂತ ರಾಜಿ ಸೂತ್ರ ಮಾಡಿಕೊಂಡಿದ್ದೇವೆ. ಮೊದಲು ನಾಲ್ಕೈದು ಜನರ ಟೇಬಲ್‌ಗಳಲ್ಲಿ ಕೂತು ಬಿಚ್ಚಬೇಕು, ಮೊಬೈಲ್ ಮೇಲೆತ್ತುವಂತಿಲ್ಲ. ಆಮೇಲೆ ಬೇಕಾದವರು ಮತ್ತೆ ಸುತ್ತಿ, ಮತ್ತೆ ಬಿಚ್ಚಿ, ರೀಲ್ಸ್ ಮಾಡಿಕೊಳ್ಳಲಿ. ಎರಡನೇ ಸಲವೇ ಆಶ್ಚರ್ಯ ಚೆನ್ನಾಗಿ ಬರುತ್ತದೆ, ನಿಜವಾಗಿಯೂ. ಮಾರ್ಕೆಟಿಂಗ್‌ನವರು ಲಿಂಕ್ಡ್‌ಇನ್‌ಗೆ ಫೋಟೊ ಕೇಳಿದರೆ, ಒಪ್ಪಿದವರದ್ದು ಮಾತ್ರ ಕೊಡುತ್ತೇನೆ.

ಟ್ರೆಂಡ್‌ನಿಂದ ಒಳ್ಳೆಯದೇ ಆಗಿಲ್ಲ ಅಂತಲ್ಲ. ಒಂದೇ ಬಣ್ಣದ ಸಾಮಾನು ತುಂಬಿದ ಬುಟ್ಟಿ ಕೊಡುವ ರೀಲ್ಸ್ ಬಂದ ವರ್ಷ ನಮ್ಮಲ್ಲೂ ಅದೇ ಥೀಮ್ ಇಟ್ಟೆವು. ಹೆಚ್ಚಿನವರು ಕೆಂಪು ಬುಟ್ಟಿಗೆ ಕಿಟ್‌ಕ್ಯಾಟ್, ಕೋಕ್, ಕೆಂಪು ಸಾಕ್ಸ್ ತುಂಬಿಸಿದರು. ಹಾವೇರಿ ಕಡೆಯ ಒಬ್ಬ ಡೆವಲಪರ್ ಮಾತ್ರ ಬೇರೆ ತರಹ ಯೋಚಿಸಿದ. ಅವನಿಗೆ ಬಂದಿದ್ದು ಲಖನೌದಿಂದ ಬಂದು ಹೊಸದಾಗಿ ಮನೆ ಮಾಡಿದ್ದ ಮ್ಯಾನೇಜರ್ ಹೆಸರು. ಅವರ ಫಾರ್ಮ್‌ನಲ್ಲಿ 'ಅಡುಗೆ ಕಲಿಯುತ್ತಿದ್ದೇನೆ, ಡಬ್ಬಿಗಳೆಲ್ಲ ಖಾಲಿ' ಅಂತಿತ್ತು. ಬುಟ್ಟಿಯಲ್ಲಿ ಮನೆಯಲ್ಲೇ ಕುಟ್ಟಿಸಿದ ಬ್ಯಾಡಗಿ ಮೆಣಸಿನಪುಡಿ, ಒಂದು ಬಾಟಲಿ ಕೋಕಂ ಶರಬತ್ತು, ಚನ್ನಪಟ್ಟಣದ ಕೆಂಪು ಬುಗುರಿ. ಜೊತೆಗೆ ಒಂದು ಚೀಟಿ: 'ಬಣ್ಣ ನೋಡಿ ಹೆದರಬೇಡಿ ಸರ್, ಖಾರ ಕಡಿಮೆ.' ಅದು ಹೌದು, ಬ್ಯಾಡಗಿ ಹೆಸರು ಮಾಡಿರುವುದೇ ಬಣ್ಣಕ್ಕೆ. ಮುಂದಿನ ವಾರ ಆ ಸಾಹೇಬರು ಕೆಂಪಗೆ ಹೊಳೆಯುವ ದಾಲ್ ತಂದು ಇಡೀ ಟೇಬಲ್‌ಗೆ ಬಡಿಸಿದರು. ಬುಗುರಿಯನ್ನು ಈಗಲೂ ಮೀಟಿಂಗ್‌ನಲ್ಲಿ ತಿರುಗಿಸುತ್ತಾ ಕೂರುತ್ತಾರೆ.

ಹೌಸ್‌ಕೀಪಿಂಗ್‌ನವರನ್ನೂ ಆಟಕ್ಕೆ ಸೇರಿಸಿಕೊಂಡಿದ್ದೇವೆ. ಅವರ ಪಾಲಿನ 500 ಕಂಪನಿ ಕೊಡುತ್ತದೆ. ಫಾರ್ಮ್ ಅನ್ನು ನಾನೇ ಕೂತು ಕೇಳಿ ತುಂಬಿಸುತ್ತೇನೆ. ಮನೆಯಲ್ಲಿ ಜಾಸ್ತಿ ಇರುವುದು ಏನಕ್ಕಾ ಅಂದರೆ, "ನೀವು ದೀಪಾವಳಿಗೆ ಕೊಡ್ತೀರಲ್ಲ, ಆ ಸ್ವೀಟ್ ಬಾಕ್ಸ್ ಮೇಡಂ" ಅಂದರು ಒಬ್ಬರು. ಆ ವಿಷಯ ಮ್ಯಾನೇಜ್‌ಮೆಂಟ್‌ಗೆ ಮುಟ್ಟಿಸಿದ್ದೇನೆ.

ಈ ಸಲ ಪಂಚೇಂದ್ರಿಯ ಗಿಫ್ಟ್ ಮಾಡೋಣ ಅಂತ ಹುಡುಗರ ಬೇಡಿಕೆ ಬಂದಿದೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ, ಒಂದೊಂದಕ್ಕೂ ಒಂದೊಂದು. ಅದೂ ರೀಲ್ಸ್‌ನಿಂದಲೇ ಬಂದದ್ದು. ಸರಿ, ಆದರೆ ಐದೂ ಸೇರಿ 500ರ ಒಳಗೆ ಅಂದಿದ್ದೇನೆ. ಮೂಗಿಗೆ ಮೈಸೂರ್ ಸ್ಯಾಂಡಲ್ ಸೋಪು, ನಾಲಿಗೆಗೆ ಕೋಡುಬಳೆ ಅಂತ ಆಗಲೇ ಲೆಕ್ಕ ಹಾಕುತ್ತಿದ್ದಾರೆ. ಕಿವಿಗೆ ಏನು ಅನ್ನುವಲ್ಲಿ ಗಾಡಿ ನಿಂತಿದೆ.